ಕಚ್ಚಿದ್ದು ನಾಯಿ, ಗೇಟು ತೆಗೆದವರು ಯಾರು?

ಗೆಳೆಯರೇ, ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಕೊನೆವರೆಗೂ ಓದಿ. ಆಮೇಲೆ ಬೈಯೋದಿದ್ರೆ ಬೈರಿ.

ಹೋದ ವಾರ ನಮ್ಮದೇ ಹೋರಾಟದ ಒಂದು ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಯಾವುದೋ ಊರಲ್ಲಿ ರಾಟ್‌ವೀಲರ್ ನಾಯಿಯೊಂದು ದಾರಿಹೋಕರ ಮೇಲೆ ಎರಗೋ ದೃಶ್ಯ. ಕೆಳಗಡೆ ಒಂದು ಸಾಲು: "ಈ ಜಾತಿ ನಾಯಿ ಒಂದನ್ನೂ ಉಳಿಸಬಾರದು, ಇವುಗಳ ರಕ್ತದಲ್ಲೇ ಕ್ರೌರ್ಯ ಇದೆ." ನೋಡನೋಡ್ತಿದ್ದಂಗೆ ಹೆಬ್ಬೆಟ್ಟಿನ ಗುರುತುಗಳು ಸಾಲಾಗಿ ಬಿದ್ದವು. ದಿನಾ ಬೆಳಗ್ಗೆ ಬಾಬಾಸಾಹೇಬರ ಫೋಟೋ ಹಾಕೋ ಗುಂಪು ಅದು. ಆ ಒಂದೇ ಸಾಲಿನಲ್ಲಿ 'ಜಾತಿ' ಇತ್ತು, 'ರಕ್ತ' ಇತ್ತು, ಹುಟ್ಟಿನಿಂದಲೇ ಗುಣ ಅನ್ನೋ ತೀರ್ಮಾನ ಇತ್ತು. ಯಾರಿಗೂ ಏನೂ ಅನ್ನಿಸಲಿಲ್ಲ.

ಅವರನ್ನ ದೂರೋಕೆ ಇದನ್ನ ಬರೀತಿಲ್ಲ. 2024ಕ್ಕಿಂತ ಮುಂಚೆ ಆಗಿದ್ರೆ ನಾನೂ ಹೆಬ್ಬೆಟ್ಟು ಒತ್ತುತ್ತಿದ್ದೆ. ಬಹುಶಃ ಎಲ್ಲರಿಗಿಂತ ಮೊದಲು.

ಯಾಕೆ ಅಂತ ಹೇಳ್ತೀನಿ.

ನಮ್ಮೂರು ಕೋಲಾರದ ಕಡೆ. 1994ನೇ ಇಸವಿ, ನಂಗೆ ಒಂಬತ್ತು ವರ್ಷ. ಅವ್ವ ದೊಡ್ಮನೆಯವರ ಹಿಪ್ಪುನೇರಳೆ ತೋಟದಲ್ಲಿ ಕೂಲಿ ಮಾಡ್ತಿದ್ಲು. ಎರಡು ವಾರದ ಕೂಲಿ ಬಾಕಿ ಇತ್ತು. ಹಬ್ಬ ಹತ್ತಿರ ಬಂದಿತ್ತು ಅಂತ ಕೇಳೋಕೆ ಹೋದ್ಲು, ನಾನೂ ಸೆರಗು ಹಿಡ್ಕೊಂಡು ಹೋದೆ. ದೊಡ್ಮನೆಯ ಕಬ್ಬಿಣದ ಗೇಟಿನ ಒಳಗೆ ಒಂದು ಡಾಬರ್‌ಮನ್ ನಾಯಿ ಇತ್ತು. ಕಪ್ಪು ಮೈ, ಎರಡೂ ಕಣ್ಣಿನ ಮೇಲೆ ಒಂದೊಂದು ಕಂದು ಚುಕ್ಕೆ. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿರೋರು, ಕೇರಿಯೋರು ಆ ಕಡೆ ಹೋದಾಗ ಮಾತ್ರ ಛೂ ಅಂತ ಹುರಿದುಂಬಿಸೋರು. ಅವತ್ತು ಅವ್ವ ಗೇಟಿನ ಹೊರಗೇ ನಿಂತು "ಸ್ವಾಮೀ" ಅಂತ ಎರಡು ಸಲ ಕೂಗಿದ್ಲು. ಮೂರನೇ ಸಲ ಕೂಗೋದ್ರೊಳಗೆ ಗೇಟು ತೆರೆಯಿತು. ಬಂದಿದ್ದು ಮನುಷ್ಯ ಅಲ್ಲ, ನಾಯಿ.

ಅವ್ವನ ಮೀನಖಂಡಕ್ಕೆ ಬಾಯಿ ಹಾಕ್ತು. ನಾನು ಓಡಿದೆ. ಅವ್ವನ್ನ ಬಿಟ್ಟು ಓಡಿದೆ ಅನ್ನೋದು ಇವತ್ತಿಗೂ ನನ್ನೊಳಗೆ ಮುಳ್ಳಿನಂಗೆ ಇದೆ. ಹಿಂದಿನಿಂದ ಆ ಮನೆಯ ಯಜಮಾನ ನಗ್ತಾ ಹೇಳಿದ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸ್ತು: "ಜಾತಿ ನಾಯಿ ಅದು. ನಿಮ್ಮೋರ ವಾಸನೆ ಆಗಲ್ಲ ಅದಕ್ಕೆ."

ಆಗ ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ ಇಂಜೆಕ್ಷನ್, ಅವ್ವನಿಗೆ ಒಟ್ಟು 14. ಹದಿನಾಲ್ಕು ದಿನ ಬಸ್ಸಿನಲ್ಲಿ ತಾಲೂಕು ಆಸ್ಪತ್ರೆಗೆ ಹೋಗಿ ಬರೋಳು. ಹದಿನಾಲ್ಕು ದಿನದ ಕೂಲಿ ಹೋಯ್ತು, ಬಸ್ ಚಾರ್ಜಿಗೆ ಸಾಲ ಆಯ್ತು. ಹಳೇ ಬಾಕಿಯೂ ಬರಲಿಲ್ಲ. ದೌರ್ಜನ್ಯ ತಡೆ ಕಾಯ್ದೆ 1989ರಲ್ಲೇ ಬಂದಿತ್ತು. ದೆಹಲಿಗೆ ಬಂದಿತ್ತು, ನಮ್ಮ ಕೇರಿಗೆ ಬಂದಿರಲಿಲ್ಲ. ನಾಯಿ ಕಚ್ಚಿದ್ದಕ್ಕೆ ಸ್ಟೇಷನ್ನಿಗೆ ಹೋಗಬಹುದು ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಅವತ್ತಿಂದ ನಂಗೆ ನಾಯಿ ಅಂದ್ರೆ ಭಯ. ಕೇರಿಯ ನಾಯಿಗಳ ಭಯ ಅಲ್ಲ, ಅವು ನಮ್ಮ ಜೊತೆಗೇ ಮಲಗಿ ಬೆಳೆದವು. ಕಪ್ಪು ಮೈ, ಕಂದು ಚುಕ್ಕೆ ಇರೋ ದೊಡ್ಡ ನಾಯಿ ಕಂಡ್ರೆ ಕಾಲು ನಡುಗೋದು. ಸಂಘಟನೆಗೆ ಬಂದ ಮೇಲೂ ಹೋಗಲಿಲ್ಲ. ಪೊಲೀಸರ ಲಾಠಿ ಮುಂದೆ ನಿಂತಿದೀನಿ. ಆದ್ರೆ ಮನೆ ಮನೆಗೆ ಕರಪತ್ರ ಹಂಚೋಕೆ ಹೋದಾಗ 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡ್ ಕಂಡ್ರೆ ಜೊತೆಗಿದ್ದ ಹುಡುಗರನ್ನ ಮುಂದೆ ಕಳಿಸಿ ನಾನು ಚಪ್ಪಲಿ ಸರಿ ಮಾಡ್ಕೊಳ್ಳೋ ನಾಟಕ ಆಡ್ತಿದ್ದೆ. ಇದನ್ನ ಇಷ್ಟು ವರ್ಷ ಯಾರ ಹತ್ರವೂ ಹೇಳಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೆ.ಆರ್. ಪುರ ಕಡೆ ಬಾಡಿಗೆ ಮನೆ ಹುಡುಕ್ತಿದ್ದೆ. "ನೀವು ಯಾವ ಪೈಕಿ?" ಅನ್ನೋ ಪ್ರಶ್ನೆ ದಾಟಿ ಮನೆ ಸಿಗೋ ಕಷ್ಟ ನಿಮಗೆ ವಿವರಿಸಬೇಕಾಗಿಲ್ಲ. ಕೊನೆಗೆ ಸಿಕ್ಕಿದ್ದು ಫ್ಯಾಕ್ಟರಿ ಕೆಲಸದಿಂದ ನಿವೃತ್ತರಾದ ನಮ್ಮವರೇ ಒಬ್ಬರು ಅಣ್ಣನ ಮನೆ, ಮಹಡಿ ಮೇಲಿನ ಒಂದು ರೂಮು. ಅಡ್ವಾನ್ಸ್ ಕಡಿಮೆ, ಪ್ರಶ್ನೆ ಇಲ್ಲ. ಖುಷಿಯಿಂದ ಸಾಮಾನು ಹೊತ್ತುಕೊಂಡು ಹೋದ್ರೆ ಮೆಟ್ಟಿಲ ಬುಡದಲ್ಲಿ ಒಂದು ನಾಯಿ. ಕಪ್ಪು ಮೈ. ಕಣ್ಣಿನ ಮೇಲೆ ಎರಡು ಕಂದು ಚುಕ್ಕೆ. ಡಾಬರ್‌ಮನ್‌ಗಿಂತ ಎರಡು ಪಟ್ಟು ಅಗಲದ ತಲೆ. ರಾಟ್‌ವೀಲರ್.

ಚಾಪೆ ಅಲ್ಲೇ ಬಿಟ್ಟು ವಾಪಸ್ ರಸ್ತೆಗೆ ಬಂದೆ.

ಅಣ್ಣ ಹೊರಗೆ ಬಂದು ಕಥೆ ಹೇಳಿದ್ರು. ಮಾರ್ಚ್ 12ಕ್ಕೆ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳು ಅಪಾಯಕಾರಿ. ಇವುಗಳ ಆಮದು, ಸಾಕಣೆ, ಮಾರಾಟಕ್ಕೆ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಸಾಕಿರೋದಕ್ಕೆ ಸಂತಾನಹರಣ ಮಾಡಿಸಿ ಅಂತ ರಾಜ್ಯಗಳಿಗೆ ಹೇಳಿತ್ತು. ಆ ಸುದ್ದಿ ಟಿವಿಯಲ್ಲಿ ಬಂದ ವಾರದಲ್ಲೇ ಯಾರೋ ಈ ನಾಯಿಯನ್ನ ಕೆರೆ ಪಕ್ಕದ ಲೈಟುಕಂಬಕ್ಕೆ ಕಟ್ಟಿ ಹೋಗಿದ್ರು. ಕತ್ತಿನ ಪಟ್ಟಿಯಲ್ಲಿ 'ಟೈಸನ್' ಅಂತ ಹೆಸರು. ಮೂರು ದಿನ ಜನ ದೂರದಿಂದ ಕಲ್ಲು ಹೊಡೆದ್ರಂತೆ. ನಾಲ್ಕನೇ ದಿನ ಅಣ್ಣನ ಮಗಳು, ಪಿಯುಸಿ ಓದೋ ಹುಡುಗಿ, ನೀರಿನ ಬಕೆಟ್ ತಗೊಂಡು ಹೋದ್ಲು. ಹಗ್ಗ ಬಿಚ್ಚಿದ್ರೆ ಅವಳ ಹಿಂದೆಯೇ ಮನೆಗೆ ಬಂತು. ಕೂತ್ರೆ ರಾಗಿ ಮುದ್ದೆ ಇಟ್ಟಂಗೆ ಕೂರುತ್ತೆ ಅಂತ ಟೈಸನ್ ತೆಗೆದು 'ಮುದ್ದೆ' ಅಂತ ಹೆಸರಿಟ್ಟಿದ್ಲು.

ಬೇರೆ ಮನೆ ಸಿಗೋ ಹಾಗಿರಲಿಲ್ಲ. ಉಳ್ಕೊಂಡೆ. ಮೊದಲ ತಿಂಗಳು ಮನೆಯಿಂದ ಹೊರಡೋ ಮುಂಚೆ ಮೇಲಿಂದ "ಪುಟ್ಟೀ, ಮುದ್ದೇನ ಕಟ್ಟಮ್ಮಾ" ಅಂತ ಕೂಗೋದು, ಅವಳು ಕಟ್ಟಿದ ಮೇಲೆ ಗೋಡೆಗೆ ಒರಗಿಕೊಂಡೇ ಇಳಿಯೋದು. ಆ ಹುಡುಗಿ ಒಂದು ದಿನವೂ ನಗಲಿಲ್ಲ. ಬದಲಿಗೆ ಒಂದೊಂದೇ ಹೇಳಿಕೊಟ್ಲು. "ಅಂಕಲ್, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಅದಕ್ಕೆ ಅದು ಜಗಳಕ್ಕೆ ಕರೆದ ಹಾಗೆ. ಓಡಬೇಡಿ. ನೇರ ಎದುರಿಗೆ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ತಿರುಗಿ ನಿಲ್ಲಿ. ತಲೆ ಮೇಲೆ ಕೈ ತರಬೇಡಿ, ಅದೇ ಬಂದು ಮೂಸಲಿ." ನನ್ನ ವಯಸ್ಸಿನ ಅರ್ಧವೂ ಇಲ್ಲದ ಹುಡುಗಿ ನಂಗೆ ಪಾಠ ಮಾಡ್ತಿದ್ಲು.

ಎರಡನೇ ತಿಂಗಳು ಒಂದು ಸಂಜೆ ಮೆಟ್ಟಿಲ ಮೇಲೆ ಕೂತಿದ್ದೆ. ಮುದ್ದೆ ಬಂತು, ನನ್ನ ಕೈ ಮೂಸಿತು. ಆಮೇಲೆ ತಿರುಗಿ ಇಡೀ ಮೈ ಭಾರ ನನ್ನ ಕಾಲ ಮೇಲೆ ಹಾಕಿ ಒರಗಿತು. ಸುಮಾರು 50 ಕೆಜಿ. ಕಲ್ಲಾಗಿ ಕೂತೆ. ಅದರ ಎದೆಯೊಳಗಿಂದ ಗುರ್ ಅಂತ ಸದ್ದು ಶುರುವಾಯ್ತು. ಇವತ್ತು ನನ್ನ ಕಥೆ ಮುಗೀತು ಅಂದ್ಕೊಂಡೆ. ಪುಟ್ಟಿ ಬಾಗಿಲಿಂದ ಹೇಳಿದ್ಲು: "ಅದು ಸಿಟ್ಟಲ್ಲ ಅಂಕಲ್, ಖುಷಿ. ಮೈ ನೋಡಿ, ಸಡಿಲ ಇದೆ. ಸಿಟ್ಟು ಬಂದ್ರೆ ಮೈ ಬಿಗಿ ಆಗುತ್ತೆ, ಬಾಲ ನಿಲ್ಲುತ್ತೆ, ದಿಟ್ಟಿಸಿ ನೋಡುತ್ತೆ."

ಆಮೇಲೆ ಓದಿ ತಿಳ್ಕೊಂಡೆ. ಪ್ರೀತಿ ಬಂದಾಗ ಹೀಗೆ ಗುರುಗುಟ್ಟೋದು, ಮೈ ಮೇಲೆ ಒರಗೋದು ರಾಟ್‌ವೀಲರ್‌ಗಳಲ್ಲಿ ಬಹಳ ಸಾಮಾನ್ಯ. ಹೆದರಿದವನ ಕಿವಿಗೆ ಅದು ಗದರಿಕೆ ಥರ ಕೇಳಿಸುತ್ತೆ. ಅಷ್ಟು ದಿನ ಅದು ಮಾತಾಡ್ತಿತ್ತು, ನಾನು ಮೂವತ್ತು ವರ್ಷದ ಹಿಂದಿನ ದೊಡ್ಮನೆ ನಾಯಿಯ ಬೊಗಳು ಕೇಳಿಸ್ಕೊಳ್ತಿದ್ದೆ.

ಇನ್ನೂ ಒಂದು ವಿಷಯ ತಿಳೀತು. ಈ ನಾಯಿಯ ಮೂಲ ಜರ್ಮನಿಯ ರಾಟ್‌ವೈಲ್ ಅನ್ನೋ ಪಟ್ಟಣ. ಅಲ್ಲಿ ಇದನ್ನ ಸಾಕ್ತಿದ್ದವರು ಕಸಾಯಿ ಕೆಲಸದವರು. ಜರ್ಮನ್ ಭಾಷೆಯಲ್ಲಿ ಇದರ ಪೂರ್ತಿ ಹೆಸರೇ ರಾಟ್‌ವೈಲ್‌ನ ಕಟುಕರ ನಾಯಿ ಅಂತ. ಸಂತೆಗೆ ದನ ಹೊಡ್ಕೊಂಡು ಹೋಗೋದು, ಮಾಂಸದ ಗಾಡಿ ಎಳೆಯೋದು ಇದರ ಕೆಲಸ. ದನಗಳನ್ನ ರೈಲಿನಲ್ಲಿ ಸಾಗಿಸೋಕೆ ಶುರು ಮಾಡಿದ ಮೇಲೆ ಕೆಲಸ ಹೋಯ್ತು, ತಳಿಯೇ ಕಾಣೆಯಾಗೋ ಸ್ಥಿತಿಗೆ ಬಂತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪೊಲೀಸ್ ಕೆಲಸಕ್ಕೆ ಸೇರಿಸಿದ್ರು. ಅಂದ್ರೆ ಇದು ದುಡಿಯೋರ ಮನೆಯ ನಾಯಿ. ಬಂಗಲೆ ಗೇಟಿನ ಹಿಂದೆ ನಿಲ್ಲಿಸಿ ಜನರನ್ನ ಹೆದರಿಸೋ ಪಾತ್ರ ಆಮೇಲೆ ಬೇರೆಯವರು ಕೊಟ್ಟಿದ್ದು.

ಈಗ ಆ ಸುತ್ತೋಲೆಗೆ ಬರ್ತೀನಿ. ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ಅದನ್ನ ರದ್ದು ಮಾಡ್ತು. ಸಂಬಂಧಪಟ್ಟವರ ಅಭಿಪ್ರಾಯವನ್ನೇ ಕೇಳದೆ ಹೊರಡಿಸಿದ್ದು ಸರಿಯಲ್ಲ, ಸರ್ಕಾರ ಬೇಕಿದ್ರೆ ಎಲ್ಲರನ್ನೂ ಕೇಳಿ ಕ್ರಮಬದ್ಧವಾಗಿ ಹೊಸದಾಗಿ ಮಾಡಲಿ ಅಂತ ಹೇಳ್ತು. ಸಾಕೋರ ಹೊಣೆಗಾರಿಕೆಯ ಮಾತನ್ನೂ ಎತ್ತಿತು. ಆದ್ರೆ ಟಿವಿಯವರು ನಿಷೇಧವನ್ನ ಸಾರಿದಷ್ಟು ಜೋರಾಗಿ ರದ್ದಾಗಿದ್ದನ್ನ ಸಾರಲಿಲ್ಲ. ಲೈಟುಕಂಬಕ್ಕೆ ಕಟ್ಟಿ ಹೋದವರು ವಾಪಸ್ಸೂ ಬರಲಿಲ್ಲ.

ತಳಿ ನೋಡಿ ನಿಷೇಧ ಮಾಡಿದ ದೇಶಗಳಿವೆ. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ಮಾದರಿಯ ನಾಯಿಗಳನ್ನ ನಿಷೇಧಿಸಿತ್ತು. ಕಚ್ಚೋ ಪ್ರಕರಣ ಕಡಿಮೆ ಆಗಲಿಲ್ಲ ಅಂತ 2008ರಲ್ಲಿ ಅದನ್ನ ಕೈಬಿಡೋಕೆ ನಿರ್ಧಾರ ಮಾಡ್ತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ತಗೊಂಡು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಪರೀಕ್ಷೆ ಮಾಡಿದ್ರು. ನಾಯಿ ನಾಯಿಗೂ ಇರೋ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಅಂತ ಕಂಡುಬಂತು. ಮರಿಯಾಗಿದ್ದಾಗ, ಅದರಲ್ಲೂ ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗೆ, ಹೊಸ ಜನ, ಹೊಸ ಸದ್ದು, ಬೇರೆ ನಾಯಿಗಳ ಅಭ್ಯಾಸ ಆಗದಿದ್ರೆ ಯಾವ ನಾಯಿಯಾದ್ರೂ ಹೆದರುಪುಕ್ಕ ಆಗುತ್ತೆ, ಹೆದರಿದ ನಾಯಿ ಕಚ್ಚುತ್ತೆ. ಇಡೀ ಆಯಸ್ಸು ಗಿಡ್ಡ ಸರಪಳಿಯಲ್ಲಿ ಕಳೆಯೋ ನಾಯಿಯ ಕಥೆ ಕೇಳೋದೇ ಬೇಡ.

ದೊಡ್ಮನೆಯ ಡಾಬರ್‌ಮನ್‌ಗೆ ನಮ್ಮ ಜಾತಿ ಗೊತ್ತಿರಲಿಲ್ಲ. ಅದಕ್ಕೆ ಹೇಳಿಕೊಟ್ಟಿದ್ರು. ಕೇರಿಯೋರ ಕಡೆ ಕೈ ತೋರಿಸಿ ಛೂ ಅಂದವನಿಗೆ ಜಾತಿ ಗೊತ್ತಿತ್ತು.

ನಾಯಿಯನ್ನ ಆಯುಧ ಮಾಡೋದು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ. 1963ರ ಮೇ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಮಾನ ಹಕ್ಕು ಕೇಳಿ ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ರು. ಆ ಫೋಟೋ ಪ್ರಪಂಚವೆಲ್ಲ ಸುತ್ತಿತು. ಆ ಫೋಟೋ ನೋಡಿದ ಯಾರೂ ಜರ್ಮನ್ ಶೆಫರ್ಡ್ ತಳಿ ವರ್ಣಭೇದಿ ಅನ್ನಲಿಲ್ಲ. ಹಗ್ಗ ಹಿಡಿದ ಪೊಲೀಸನ್ನ ನೋಡಿದ್ರು, ಅವನಿಗೆ ಆರ್ಡರ್ ಕೊಟ್ಟ ವ್ಯವಸ್ಥೆಯನ್ನ ನೋಡಿದ್ರು. ನಾನು ಮಾತ್ರ ಮೂವತ್ತು ವರ್ಷ ನಾಯಿಯನ್ನೇ ನೋಡ್ತಾ ಕೂತಿದ್ದೆ.

ಇಲ್ಲೊಂದು ಎಚ್ಚರಿಕೆ. ನಮ್ಮ ಜನರನ್ನ ನಾಯಿಗೆ ಹೋಲಿಸ್ತಿದೀನಿ ಅಂತ ಯಾರೂ ತಿಳೀಬೇಡಿ. ಆ ಹೋಲಿಕೆ ಮಾಡಿದವರು ಬೇರೆ ಇದ್ದಾರೆ. ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ: ಚಂಡಾಲರು ಊರ ಹೊರಗಿರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ ಅಂತಿದೆ. ಬಾಬಾಸಾಹೇಬರ ನೇತೃತ್ವದಲ್ಲಿ 1927ರ ಡಿಸೆಂಬರ್ 25ಕ್ಕೆ ಮಹಾಡ್‌ನಲ್ಲಿ ಸುಟ್ಟ ಪುಸ್ತಕ ಅದೇ. ಬೀದಿನಾಯಿಗೆ ಇಂಗ್ಲಿಷಿನಲ್ಲಿ 'ಪರಯಾ ಡಾಗ್' ಅಂತ ಹೆಸರು ಬಂದಿದ್ದು ತಮಿಳುನಾಡಿನ ಪರೈಯರ್ ಸಮುದಾಯದಿಂದ. ಒಂದು ಸಮುದಾಯದ ಹೆಸರನ್ನ ಪ್ರಾಣಿಗೆ ಬೈಗುಳದ ಥರ ಅಂಟಿಸಿದ್ರು. ಕನ್ನಡದಲ್ಲೂ ಅಷ್ಟೇ. ದುಡ್ಡು ಕೊಟ್ಟು ತಂದಿದ್ದು 'ಜಾತಿ ನಾಯಿ', ಬೀದಿಯಲ್ಲಿ ಹುಟ್ಟಿದ್ದು 'ಕಂತ್ರಿ ನಾಯಿ'. ನಾಯಿಗಳಿಗೂ ಅಗ್ರಹಾರ, ಕೇರಿ ಮಾಡಿಟ್ಟ ಸಮಾಜ ಇದು.

ಹಾಗಾಗಿ ನನ್ನ ಮಾತು ಇಷ್ಟು. ನಾಯಿಯೂ ನಾವೂ ಒಂದೇ ಅಂತಲ್ಲ. ಹುಟ್ಟು ನೋಡಿ ಗುಣ ತೀರ್ಮಾನ ಮಾಡೋ ಬುದ್ಧಿ ಎಲ್ಲಿ ಕಂಡ್ರೂ ಮೊದಲು ಅನುಮಾನ ಪಡಬೇಕಾದವರು ನಾವು. ನಮ್ಮ ಬಾಯಲ್ಲೇ 'ರಕ್ತದಲ್ಲೇ ಇದೆ' ಅನ್ನೋ ಮಾತು ಇಷ್ಟು ಸಲೀಸಾಗಿ ಬಂದ್ರೆ, ಆ ಬುದ್ಧಿ ನಮ್ಮೊಳಗೂ ಬಾಡಿಗೆಗೆ ಇದೆ ಅಂತ ಅರ್ಥ.

ಇನ್ನೊಂದು ಕಡೆಯವರಿಗೂ ಹೇಳೋದಿದೆ. ಪ್ರಾಣಿಪ್ರೀತಿ ಹೆಸರಲ್ಲಿ "ನಮ್ಮ ಮಗು ಏನೂ ಮಾಡಲ್ಲ" ಅಂತ ದೊಡ್ಡ ನಾಯಿಯನ್ನ ಹಗ್ಗ ಇಲ್ಲದೆ ರಸ್ತೆಗೆ ಬಿಡೋರೇ, ನಾಯಿಯನ್ನ ಸೋಫಾ ಮೇಲೆ ಕೂರಿಸಿ ಮನೆಗೆಲಸದ ಅಕ್ಕನಿಗೆ ಬೇರೆ ಲೋಟ ಇಡೋರೇ, ನಿಮ್ಮ ಜೊತೆ ನಾನಿಲ್ಲ. ಕಡಿತ ಬೀಳೋದು ಯಾರಿಗೆ? ಬೆಳಗಿನ ಜಾವ ಕಸ ಗುಡಿಸೋ ಪೌರಕಾರ್ಮಿಕರಿಗೆ, ಗೇಟಿನವರೆಗೆ ಬರೋ ಡೆಲಿವರಿ ಹುಡುಗರಿಗೆ, ಬೀದಿಯಲ್ಲೇ ಆಡೋ ನಮ್ಮ ಮಕ್ಕಳಿಗೆ. ರಾಟ್‌ವೀಲರ್ ಸ್ವಭಾವದಲ್ಲಿ ರಾಕ್ಷಸ ಅಲ್ಲ, ನಿಜ. ಆದ್ರೆ ಅದರ ದವಡೆಗೆ ಬಲ ಇದೆ, ಮೈಗೆ ತೂಕ ಇದೆ. ಸಣ್ಣ ನಾಯಿ ಕಚ್ಚಿದ್ರೆ ಗಾಯ, ಇದು ಕಚ್ಚಿದ್ರೆ ಜೀವಕ್ಕೇ ಕುತ್ತು. ಅದಕ್ಕೇ ಸಾಕೋರ ಮೇಲೆ ಹೊರೆ ಹೆಚ್ಚು ಇರಬೇಕು. ಪುಟ್ಟಿ ಮುದ್ದೆಯನ್ನ ಹೊರಗೆ ಕರ್ಕೊಂಡು ಹೋಗುವಾಗ ಗಟ್ಟಿ ಹಗ್ಗ, ಬಾಯಿಗೆ ಬುಟ್ಟಿ ಎರಡೂ ಹಾಕ್ತಾಳೆ. "ಇದು ಏನೂ ಮಾಡಲ್ಲ ಅಂತ ನಂಗೆ ಗೊತ್ತು, ಎದುರಿಗೆ ಬರೋರಿಗೆ ಹೇಗೆ ಗೊತ್ತಾಗುತ್ತೆ?" ಅಂತಾಳೆ. ಪ್ರಾಣಿಪ್ರೀತಿ ಅಂದ್ರೆ ಇದು.

ನಾವು ಕೇಳಬೇಕಾಗಿದ್ದು ತಳಿ ನಿಷೇಧ ಅಲ್ಲ. ಮಾಲೀಕನ ಹೊಣೆ.

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291 ಇದೆ. ತನ್ನ ಹತ್ತಿರ ಇರೋ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಕಾಗದದ ಮೇಲೆ ಮಲಗದ ಹಾಗೆ ನೋಡಿಕೊಳ್ಳೋಣ. ಕಡಿತಕ್ಕೆ ಒಳಗಾದ ಕಾರ್ಮಿಕರ ಚಿಕಿತ್ಸೆ ಖರ್ಚಿನ ಜೊತೆ ತಪ್ಪಿಹೋದ ದಿನಗಳ ಕೂಲಿಯನ್ನೂ ಮಾಲೀಕನೇ ಕಟ್ಟಿಕೊಡಬೇಕು ಅಂತ ಕೇಳೋಣ. ನಮ್ಮವ್ವನಿಗೆ ಆ ಹದಿನಾಲ್ಕು ದಿನದ ಕೂಲಿ ಯಾರೂ ಕೊಡಲಿಲ್ಲ. ನಾಯಿಮರಿ ಹುಟ್ಟಿಸಿ ಮಾರೋ ದಂಧೆಗೆ 2017ರಿಂದ ನಿಯಮಗಳಿವೆ, ನೋಂದಣಿ ಇಲ್ಲದೆ ಆ ವ್ಯವಹಾರ ಮಾಡೋ ಹಾಗಿಲ್ಲ. ಎಷ್ಟು ಅಂಗಡಿಗಳಲ್ಲಿ ಅದು ಜಾರಿಯಲ್ಲಿದೆ ಅಂತ ವಿಚಾರಿಸೋಣ. ಶೋಕಿಗೆ ಮರಿ ತಂದು, ದೊಡ್ಡದಾದ ಮೇಲೆ ಲೈಟುಕಂಬಕ್ಕೆ ಕಟ್ಟಿ ಹೋಗೋನನ್ನ ಹುಡುಕಿ ಕೇಸು ಹಾಕಿಸೋಣ.

ಮತ್ತೆ ಎಲ್ಲರೂ ನೆನಪಿಡಿ: ಯಾವ ನಾಯಿ ಕಚ್ಚಿದ್ರೂ ಅರಿಶಿನ, ಸುಣ್ಣ, ಮಂತ್ರ ಅಂತ ಕೂರಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೀರಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಈಗ ಹೊಕ್ಕುಳ ಸುತ್ತ ಚುಚ್ಚಲ್ಲ, ತೋಳಿಗೆ ಕೊಡ್ತಾರೆ. ಡಾಕ್ಟರ್ ಹೇಳಿದ ಅಷ್ಟೂ ಡೋಸ್ ಮುಗಿಸಿ. ರೇಬಿಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಉಳಿಸೋದು ಹೆಚ್ಚೂಕಡಿಮೆ ಅಸಾಧ್ಯ.

ಕೊನೆಗೆ ಅವ್ವನ ವಿಷಯ. ಹೋದ ದೀಪಾವಳಿಗೆ ಬೆಂಗಳೂರಿಗೆ ಬಂದಿದ್ಲು. ಮುದ್ದೆಯನ್ನ ನೋಡಿ ಗೇಟಿನ ಹೊರಗೇ ನಿಂತುಬಿಟ್ಲು. ಸೀರೆ ಕೆಳಗೆ ಆ ಹಳೇ ಗಾಯದ ಗುರುತು ಇರೋ ಕಾಲನ್ನ ಇನ್ನೊಂದು ಕಾಲಿನ ಹಿಂದೆ ಸರಿಸಿದ್ದನ್ನ ನಾನು ನೋಡಿದೆ. "ಏನೂ ಮಾಡಲ್ಲ ಬಾರವ್ವ" ಅಂತ ಹೇಳೋಕೆ ಬಾಯಿ ತೆಗೆದವನು ಸುಮ್ಮನಾದೆ. ಹೆದರೋಕೆ ಅವಳಿಗೆ ಕಾರಣ ಇದೆ, ಅದನ್ನ ಕಿತ್ಕೊಳ್ಳೋ ಹಕ್ಕು ನನಗಿಲ್ಲ. ಪುಟ್ಟಿ ನಾಯಿಯನ್ನ ಹಿತ್ತಲಿಗೆ ಕರ್ಕೊಂಡು ಹೋದ್ಲು.

ನಾಲ್ಕು ದಿನ ಇದ್ಲು. ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ. ಹೊರಡೋ ದಿನ ಬೆಳಗ್ಗೆ ರಾತ್ರಿ ಉಳಿದ ಮುದ್ದೆಯನ್ನ ಮಜ್ಜಿಗೆಯಲ್ಲಿ ಕಲಸಿ ತಟ್ಟೆಗೆ ಹಾಕಿ, ಪುಟ್ಟಿ ಕೈಗೆ ಕೊಟ್ಟು, "ಅದಕ್ಕಿಕ್ಕಮ್ಮ" ಅಂದ್ಲು. ಬಸ್ ಸ್ಟ್ಯಾಂಡಿಗೆ ಹೋಗೋ ಆಟೋದಲ್ಲಿ ನಂಗೆ ಹೇಳಿದ್ಲು: "ಅವತ್ತು ನೀನು ಓಡಿದ್ದೇ ಒಳ್ಳೇದಾಯ್ತು ಕಣಪ್ಪ. ನಾಯಿದೇನು ತಪ್ಪು, ಬಿಟ್ಟೋನು ಅವನು."

ಮೂವತ್ತು ವರ್ಷದ ಹಿಂದೆಯೇ ಅವಳಿಗೆ ಗೊತ್ತಿತ್ತು. ನಂಗೆ ಅರ್ಥ ಆಗೋಕೆ ಇಷ್ಟು ದಿನ ಬೇಕಾಯ್ತು.

ಮುಂದಿನ ಸಲ ಅಂಥ ವಿಡಿಯೋ ಬಂದಾಗ ಹೆಬ್ಬೆಟ್ಟು ಒತ್ತೋ ಮುಂಚೆ ಒಂದು ಪ್ರಶ್ನೆ ಕೇಳಿ. ಗೇಟು ತೆಗೆದವರು ಯಾರು?

ಜೈ ಭೀಮ್.